ಹೆಂಚು ಒಡೆಸಿದ ಸನ್ಮಾನ

ಒಂದು ಶಾಲು, ಒಂದು ಹಣ್ಣಿನ ಬುಟ್ಟಿಗೆ ನನ್ನ ಮಗಳು ತೆತ್ತಿದ್ದು ತನ್ನ ಮೊಣಕಾಲನ್ನು. ವಿದೇಶದಲ್ಲಿ ಟೇಕ್ವಾಂಡೊ ಪದಕ ಗೆದ್ದು ಬಂದವಳಿಗೆ ಹಿರಿಯೂರಿನಲ್ಲಿ ಸನ್ಮಾನ ಇತ್ತು. ಪೇಟ ತೊಡಿಸಿದ ಮುಖಂಡರು ಮೈಕ್ ಹಿಡಿದು, "ಏನವ್ವಾ, ಬರೀ ಪದಕ ತೋರ್ಸಿದ್ರೆ ಆತಾ? ಈ ಹೆಂಚು ಒದ್ದು ಒಡಿ, ಜನ ನೋಡ್ಲಿ" ಅಂದರು.

ಅವಳದು ಎದುರಾಳಿಗೆ ಒದ್ದು ಪಾಯಿಂಟ್ ಗಳಿಸುವ ಆಟ. ಹೆಂಚು ಒಡೆದು ಅಭ್ಯಾಸವೇ ಇಲ್ಲ. "ಬ್ಯಾಡ್ರಿ ಸರ್, ಮುಂದಿನ ವಾರ ಭಾರತ ತಂಡದ ಆಯ್ಕೆ ಐತೆ" ಎಂದು ಕೈಮುಗಿದಳು. ಜನ ಸಿಳ್ಳೆ ಹೊಡೆದರು. ಇಬ್ಬರು ಆಗಲೇ ಹೆಂಚು ಎತ್ತಿ ಹಿಡಿದಿದ್ದರು. ಜಾರುವ ಜಮಖಾನದ ಮೇಲೆ ನಿಂತು ಒದ್ದಳು. ಹೆಂಚು ಒಡೆಯಿತು, ಊರಿದ್ದ ಕಾಲು ತಿರುಚಿ ಕುಸಿದಳು. ನಾನು ಎತ್ತಿಕೊಳ್ಳಲು ಓಡಿದರೆ ಒಬ್ಬ ಹೇಳುತ್ತಾನೆ: "ಇನ್ನೊಂದ್ ಸಲ ಒದಿಸ್ರಿ, ಫೋಟೋ ಸರಿ ಬಂದಿಲ್ಲ!"

ಆಯ್ಕೆಯ ದಿನ ಅವಳು ಆಸ್ಪತ್ರೆಯ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು.

ನಾನು ಕುರಿ ವ್ಯಾಪಾರಿ. ಸಂತೆಯಲ್ಲಿ ಮಾತು ಮುಗಿಯದೆ ಕುರಿಯ ಹಗ್ಗ ಬಿಚ್ಚುವುದಿಲ್ಲ. ಆಟ ಆಡುವ ಮಕ್ಕಳಿರುವವರು ಕೇಳಿ: ಸನ್ಮಾನಕ್ಕೆ ಕರೆಯಲು ಬಂದವರ ಹತ್ತಿರ ಮನೆ ಬಾಗಿಲಲ್ಲೇ ಮಾತಾಡಿಕೊಳ್ಳಿ, ಮ್ಯಾಟ್ ಇಲ್ಲದ ಕಡೆ ಮಗು ಕಾಲೆತ್ತುವುದಿಲ್ಲ ಅಂತ. ಮುಖ ಸಿಂಡರಿಸಿದರೆ ಕಾಫಿ ಕೊಟ್ಟು ಕಳಿಸಿ.