ಸಿದ್ರಾಮಪ್ಪನ ಶುಕ್ರವಾರ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ತೂಗುವ ಸಿದ್ರಾಮಪ್ಪನಿಗೆ ಒಂದು ಚಟ. ಚೀಲ ಕಾಟಾದ ಮೇಲೆ ಇಡುವ ಮೊದಲೇ ತೂಕ ಹೇಳಿಬಿಡುವುದು. ಮೂವತ್ತು ವರ್ಷದಲ್ಲಿ ಅರ್ಧ ಕಿಲೋ ಅತ್ತಿತ್ತ ಆದದ್ದೇ ಅಪರೂಪ. ಮನುಷ್ಯರನ್ನೂ ಹಾಗೇ ತೂಗಬಲ್ಲೆ ಎಂಬುದು ಅವನ ನಂಬಿಕೆ. ಅಲ್ಲಿ ಮಾತ್ರ ಕಾಟಾ ಕೆಟ್ಟಿದೆ ಎಂಬುದು ಹೆಂಡತಿ ನಾಗವ್ವನ ಅಂಬೋಣ.

ಅವರಿಗೊಬ್ಬಳೇ ಮಗಳು, ಸಪ್ನಾ. ವಯಸ್ಸು ಇಪ್ಪತ್ತನಾಲ್ಕು, ಚಾಕಣದ ಕಾರಖಾನೆಯಲ್ಲಿ ಕಾರಿನ ಬಿಡಿಭಾಗ ತಪಾಸಣೆ ಮಾಡುವ ಕೆಲಸ. ಒಂದು ದಿನ ರೊಟ್ಟಿ ಮುರಿಯುತ್ತ ಹೇಳಿದಳು: “ಅಪ್ಪಾ, ನಾ ಯಹೂದಿ ಧರ್ಮಕ್ಕ ಸೇರಬೇಕಂತ ಮಾಡೇನಿ.”

ನಾಗವ್ವ ಕೇಳಿದ್ದು ಒಂದೇ. “ಹುಡುಗ ಯಾರು?”

“ಹುಡುಗ ಯಾರೂ ಇಲ್ಲಬೇ.”

“ಹುಡುಗನ ಇಲ್ದ ಯಾರರ ಧರ್ಮ ಬಿಡ್ತಾರೇನ? ಒಬ್ಬಾಂವ ಇದ್ದಿದ್ರ ಅವನ್ನರ ಬೈತಿದ್ದೆ. ಈಗ ಯಾರನ್ನ ಬೈಲಿ?”

ಆದದ್ದು ಇಷ್ಟೇ. ಎರಡು ವರ್ಷದ ಹಿಂದೆ ಕಾರಖಾನೆಯ ಯಹೂದಿ ಗೆಳತಿಯೊಬ್ಬಳು ಸಪ್ನಾಳನ್ನು ರಾಸ್ತಾ ಪೇಠೆಯ ತನ್ನ ಮನೆಗೆ ಶುಕ್ರವಾರದ ಊಟಕ್ಕೆ ಕರೆದೊಯ್ದಿದ್ದಳು. ಸೂರ್ಯ ಮುಳುಗುವ ಮೊದಲು ದೀಪ ಹಚ್ಚಿ, ಫೋನು ಬದಿಗಿಟ್ಟು, ಅಜ್ಜಿಯಿಂದ ಕೂಸಿನವರೆಗೆ ಇಡೀ ಮನೆ ಒಟ್ಟಿಗೆ ಕೂತು ಹಾಡಿತ್ತು. ಅದು ಇವಳ ಮನಸ್ಸಿನಿಂದ ಇಳಿಯಲಿಲ್ಲ. ಪುಸ್ತಕ ತಂದಳು, ಹೀಬ್ರೂ ಅಕ್ಷರ ತಿದ್ದಿದಳು, ಶುಕ್ರವಾರ ಸಂಜೆ ಮನೆಯಲ್ಲೂ ಎರಡು ಮೇಣದಬತ್ತಿ ಹಚ್ಚತೊಡಗಿದಳು.

ಸಿದ್ರಾಮಪ್ಪ ಕೂಗಾಡಲಿಲ್ಲ. ಶುಕ್ರವಾರ ಮನೆಗೆ ತಡವಾಗಿ ಬರತೊಡಗಿದ, ಅಷ್ಟೇ. ಮಧ್ಯಾಹ್ನವೇ ಕೆಲಸ ಮುಗಿದರೂ ಖಾಲಿ ಚೀಲದ ರಾಶಿಯ ಮೇಲೆ ಕೂತು ಚಹಾದ ಮೇಲೆ ಚಹಾ ಕುಡಿದು, ಆ ಬತ್ತಿಗಳು ಆರಿದ ಮೇಲೆಯೇ ಚಪ್ಪಲಿ ಬಿಡುತ್ತಿದ್ದ.

ಸಪ್ನಾ ಹೋಗಬೇಕಾಗಿದ್ದದ್ದು ರಾಸ್ತಾ ಪೇಠೆಯ ಯಹೂದಿಗಳ ಹಿರಿಯ ದಾನಿಯೇಲ್ ಕಾಕಾನ ಬಳಿ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದ ಮುದುಕ. ಅವನು ಪತ್ರ ಕೊಟ್ಟರೆ ಮಾತ್ರ ಮುಂದೆ ಧರ್ಮಗುರುಗಳು ಪರೀಕ್ಷೆಗೆ ಕರೆಯುತ್ತಿದ್ದರು. ಕಾಕಾ ಮೊದಲ ಸಲ, “ನಿಮ್ಮ ಮನಿದೇವರು ಚಲೋನ ಇದ್ದಾನ, ಹೋಗು,” ಎಂದು ಕಳಿಸಿದ. ಆ ದಿನ ಸಿದ್ರಾಮಪ್ಪ ಯಾರಿಗೂ ಹೇಳದೆ ಬಸವಣ್ಣನಿಗೆ ಕಾಯಿ ಒಡೆಸಿದ. ಆರು ತಿಂಗಳ ಮೇಲೆ ಎರಡನೇ ಸಲ ಕಳಿಸಿದಾಗ ಕಾಯಿ ತಂದ, ಆದರೆ ಒಡೆಸಲು ಯಾಕೋ ಕೈ ಬರಲಿಲ್ಲ.

“ಬಂದವ್ರನ್ನ ತಿರುಗಿ ಕಳಸೋದು ಅವರ ಪದ್ಧತಿ ಅಪ್ಪಾ. ಮನಸ್ಸು ಗಟ್ಟಿ ಅದನೋ ಇಲ್ಲೋ ನೋಡ್ತಾರ,” ಎಂದಳು ಸಪ್ನಾ.

ಮೂರನೇ ಸಲವೂ ಕಳಿಸಿದಾಗ ಮಗಳು ಊಟ ಬಿಟ್ಟು ಮಲಗಿದಳು. ಸಿದ್ರಾಮಪ್ಪನ ತಲೆ ಕೆಟ್ಟಿತು. ಮಗಳು ಆ ಧರ್ಮಕ್ಕೆ ಹೋಗುವುದು ಬೇಡ, ಸರಿ. ಆದರೆ ತನ್ನ ಮಗಳನ್ನು ಬೇಡ ಅನ್ನಲು ಇವನ್ಯಾರು? ಮರುದಿನ ಒಗೆದ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿ, ಅರ್ಧ ಕಿಲೋ ಪೇಢೆ ಹಿಡಿದು, ಕನ್ಯೆ ಒಲ್ಲೆ ಅಂದ ಬೀಗರ ಮನೆಗೆ ನ್ಯಾಯ ಕೇಳಲು ಹೋದವನ ಹಾಗೆ ರಾಸ್ತಾ ಪೇಠೆಗೆ ಹೋದ.

ಮರಾಠಿಯಲ್ಲಿ ಶುರುಮಾಡಿದವನನ್ನು ಕಾಕಾ ತಡೆದ. “ಕನ್ನಡದಾಗ ಬೈರಿ. ನಾ ಹುಬ್ಬಳ್ಯಾಗ ಹನ್ನೆರಡು ವರ್ಷ ಇದ್ದಾಂವ.”

“ಹಂಗಾರ ಕೇಳ್ರಿ! ನನ್ನ ಮಗಳಿಗೇನು ಕಡಿಮಿ ಅದ? ಹಾಲು ಮಾಂಸ ಕೂಡಿಸಿ ತಿನ್ನಬಾರದು ಅಂತೀರಿ. ನಮ್ಮನ್ಯಾಗ ಏಳು ತಲಿಯಿಂದ ಮಾಂಸಾನ ಇಲ್ಲ, ಕೂಡ್ಸೋದು ಎಲ್ಲಿಂದ ಬಂತು? ಶನಿವಾರ ಕೆಲಸ ಮಾಡಬಾರದು ಅಂತೀರಿ. ಮಾರ್ಕೆಟ್ ಯಾರ್ಡಿಗೂ ಶನಿವಾರನ ಸೂಟಿ. ಅವತ್ತು ಆಕಿ ಸ್ವಿಚ್ ಮುಟ್ಟಂಗಿಲ್ಲಂತ ಅವರವ್ವ ಶುಕ್ರವಾರನ ಚಟ್ನಿ ರುಬ್ಬಿ ಇಡ್ತಾಳ. ಫ್ಯಾನ್ ನಾ ಹಾಕ್ತೀನಿ, ಆಕಿ ಬಾಯಿಬಿಟ್ಟು ಹೇಳಬಾರದಂತ, ಬೆವರು ನೋಡಿ ಹಾಕ್ತೀನಿ! ಇನ್ನೇನ್ ಬೇಕ್ರಿ ನಿಮಗ?”

ಕಾಕಾ ಪೇಢೆ ಬಾಯಿಗೆ ಹಾಕಿಕೊಂಡ. “ಆಕಿಕಿಂತ ನೀವ ತಯಾರ ಆದಂಗ ಕಾಣಸ್ತದಲ್ಲ.”

ಸಿದ್ರಾಮಪ್ಪ ಗಾಬರಿಯಿಂದ ಕೊರಳಿನ ಲಿಂಗ ಹಿಡಿದುಕೊಂಡ. “ಏ, ನಾ ಅಲ್ರಿ!”

“ಎರಡು ಸಲ ಪದ್ಧತಿಗೆ ಕಳಿಸಿದೆ,” ಎಂದ ಕಾಕಾ, ಈಗ ನಗದೆ. “ಮೂರನೇದು ಖರೇನ ಕಳಿಸಿದೆ. ‘ಶುಕ್ರವಾರ ದೀಪ ಹಚ್ಚಿದಾಗ ಅಪ್ಪ ಎಲ್ಲಿರ್ತಾನ?’ ಅಂತ ಕೇಳಿದೆ. ‘ಮನ್ಯಾಗ ಇರಂಗಿಲ್ಲ’ ಅಂತ ಕಣ್ಣಾಗ ನೀರು ತಂದ್ಲು. ತಂದಿ ತಾಯಿನ್ನ ಗೌರವಸು ಅಂತದ ನಮ್ಮ ಧರ್ಮ. ಅಪ್ಪನ್ನ ಹೊರಗ ಕುಂಡ್ರಿಸಿ ಬಂದಾಕಿನ್ನ ನಾ ಹೆಂಗ ಒಳಗ ಕರೀಲಿ?”

ಸಿದ್ರಾಮಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. ಮಗಳು ಹೊರಗೆ ಕೂಡ್ರಿಸಿರಲಿಲ್ಲ, ತಾನೇ ಹೋಗಿ ಚೀಲದ ಮೇಲೆ ಕೂತಿದ್ದ.

ಆ ಶುಕ್ರವಾರ ಹೊತ್ತು ಮುಳುಗುವ ಮೊದಲೇ ಬಾಗಿಲಲ್ಲಿ ಗಂಡನನ್ನು ಕಂಡು ನಾಗವ್ವ ಬೆಚ್ಚಿದಳು. “ಮೈಯಾಗ ಅರಾಮಿಲ್ಲೇನ್ರಿ?”

“ಹಸಿವ್ಯಾಗೇದ. ತಾಟ ಹಚ್ಚು.”

ಸಪ್ನಾ ದೀಪ ಹಚ್ಚಿದಳು. ಅವಳು ಹಾಡಿದ್ದು ಸಿದ್ರಾಮಪ್ಪನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ತಾಳ ಹಾಕಿದ, ಅದೂ ಭಜನೆಯ ತಾಳ. ಹಾಡು ಅದಕ್ಕೆ ಸಿಕ್ಕಿ ಎಡವುತ್ತ ಎಡವುತ್ತ ಮುಗಿಯಿತು.

ಸಪ್ನಾ ನಾಲ್ಕನೇ ಸಲ ಹೋದಾಗ ಕಾಕಾ ಕೇಳಿದ್ದು ಅದೇ ಪ್ರಶ್ನೆ. “ಅಪ್ಪ ಎಲ್ಲಿದ್ದ?”

“ಬಾಜೂಕ ಕೂತಿದ್ದ ಕಾಕಾ. ನಾಕು ರೊಟ್ಟಿ ತಿಂದ. ನನ್ನ ಹಾಡು ಪೂರ್ತಿ ಕೆಡಿಸಿದ.”

ಕಾಕಾ ಕನ್ನಡಕ ಏರಿಸಿಕೊಂಡು ಪತ್ರ ಬರೆಯಲು ಕಾಗದ ತೆಗೆದ. “ಒಳಗ ಬಾ,” ಎಂದ.