ಸ್ಯಾಕ್ಸೊಫೋನಿಗೆ ಬಿದ್ದ ಅಕ್ಷತೆ

ವರ ತಾಳಿ ಎತ್ತಿದ; ಅಕ್ಷತೆ ಬಿದ್ದದ್ದೇ ತಡ, ಸ್ಯಾಕ್ಸೊಫೋನ್ ನಿಂತುಬಿಟ್ಟಿತು.

ಮಸ್ಕತ್‌ನಲ್ಲಿ ನನ್ನ ಅಕ್ಕನ ಮದುವೆ. ಮಂಗಳೂರಿನ ವಾದ್ಯದವರಿಗೆ ವೀಸಾ ಸಿಗದೆ, ಅದೇ ಹೋಟೆಲಿನಲ್ಲಿ ಜಾಝ್ ನುಡಿಸುವ ಜಪಾನಿ ಹಿರಿಯರೊಬ್ಬರನ್ನು ದೊಡ್ಡಮ್ಮ ಒಪ್ಪಿಸಿದ್ದರು. ಜಾಝಿನವರಿಂದ ಗಟ್ಟಿಮೇಳ ಆಗದೆಂದು ವಾದಿಸಿದ್ದ ನಾನು, ಗೆದ್ದೆ ಅಂದುಕೊಂಡೆ.

"ಟೋಕಿಯೊ ಕ್ಲಬ್ಬು, ಹಡಗು, ಹೋಟೆಲು, ಎಲ್ಲ ಕಡೆ ಊದಿದ್ದೇನೆ. ಜನ ಎದ್ದು ಹೋದದ್ದುಂಟು, ಅಕ್ಕಿ ಎಸೆದದ್ದಿಲ್ಲ. ಅಷ್ಟು ಕೆಟ್ಟದಾಗಿದೆಯೇ?" ಎಂದು ಅವರು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಪಕ್ಕದಲ್ಲಿದ್ದ ದೊಡ್ಡಮ್ಮ, "ಅದು ಆಶೀರ್ವಾದ ಮಾರಾಯ್ರೆ! ಊದಿ, ಮುಹೂರ್ತ ಮೀರ್ತಾ ಉಂಟು!" ಎಂದು ಕೈ ಬೀಸಿದರು; ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಗಟ್ಟಿಮೇಳ ಮೊಳಗಿತು, ತಾಳಿ ಕಟ್ಟಿಯಾಯಿತು.

ಸ್ಯಾಕ್ಸೊಫೋನಿನಿಂದ ಉದುರಿದ ಅಕ್ಕಿಯನ್ನು ಅವರು ಜತನವಾಗಿ ಕಿಸೆಗೆ ಹಾಕಿಕೊಂಡರು. ನನಗೆ ಉಳಿದದ್ದು ಇಷ್ಟೇ: ಮನೆಯಲ್ಲಿ ನಾನು ವಾದಕ್ಕಿಳಿದರೆ ಸಾಕು, ದೊಡ್ಡಮ್ಮ ಅಕ್ಕಿ ಡಬ್ಬಕ್ಕೆ ಕೈ ಹಾಕುತ್ತಾರೆ.