ಮೆಕ್ಯಾನಿಕ್ ಖಲೀಲನ ಮೂಗು

ಸಂತೇಬೆನ್ನೂರಿನಲ್ಲಿ ಚನ್ನಗಿರಿ ಕಡೆಗೆ ಹೋಗುವ ರಸ್ತೆಯ ಈ ಬದಿಗೆ ನನ್ನ ಟೀ ಅಂಗಡಿ, ಎದುರಿಗೆ ಖಲೀಲನ ಷೆಡ್ಡು. ಅವನು ಅಲ್ಲಿ ಕಾರು ರಿಪೇರಿಗೆ ಕೂತಾಗ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗ ಗಡ್ಡ ಅರ್ಧ ಬೆಳ್ಳಗಾಗಿದೆ.

ಗಾಡಿ ಬಂದು ನಿಂತರೆ ಬೇರೆಯವರು ಮೊದಲು ಎಂಜಿನ್ ನೋಡುತ್ತಾರೆ. ಖಲೀಲ್ ಹಿಂದಕ್ಕೆ ಹೋಗಿ ಸೈಲೆನ್ಸರ್ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಂಗೈಯಿಂದ ಹೊಗೆಯನ್ನು ಮೂಗಿನ ಕಡೆಗೆ ಎಳೆದುಕೊಳ್ಳುತ್ತಿದ್ದ. "ಆಯಿಲ್ ಸುಡ್ತೈತೆ" ಎಂದೋ, "ಪೆಟ್ರೋಲ್ ಜಾಸ್ತಿ ಕುಡಿತೈತೆ" ಎಂದೋ ಹೇಳಿ, ಆಮೇಲೆ ನಟ್ಟು ಬಿಚ್ಚುವ ಪಾನ ಕೈಗೆತ್ತಿಕೊಳ್ಳುತ್ತಿದ್ದ. ಪೆಟ್ರೋಲ್ ಜಾಸ್ತಿ ಆದರೆ ಏನಾಗುತ್ತದಪ್ಪಾ ಎಂದು ಒಮ್ಮೆ ಕೇಳಿದ್ದೆ.

"ನಿಮ್ಮ ಒಲೆ ಇದ್ದಂಗೇ ಅಮ್ಮಾ. ಸೌದೆ ತುರುಕಿ ಗಾಳಿ ಬಿಡ್ದಿದ್ರೆ ಏನಾಗ್ತೈತೆ? ಕರಿ ಹೊಗೆ, ಮಸಿ. ಎಂಜಿನ್ನೂ ಅಷ್ಟೇ."

ಹೋದ ವರ್ಷ ಅವನಿಗೆ ಜ್ವರ ಬಂತು, ವಾಸಿಯೂ ಆಯಿತು. ಅದಾದ ಮೇಲೆ ಒಂದು ದಿನ ನನ್ನ ಅಂಗಡಿಯಲ್ಲಿ ಹಾಲು ತಳ ಹಿಡಿಯಿತು. ಆ ಟೀ ಬಾಯಿಗಿಟ್ಟವರೆಲ್ಲ ಮುಖ ಕಿವುಚಿ ಲೋಟ ಕೆಳಗಿಟ್ಟರು. ಖಲೀಲ್ ಮಾತ್ರ ಪೂರ್ತಿ ಕುಡಿದು, "ಇನ್ನರ್ಧ ಕೊಡ್ರಿ ಅಮ್ಮಾ" ಅಂದ. ಎಲ್ಲರೂ ಎದ್ದು ಹೋದ ಮೇಲೆ ಕೇಳಿದೆ.

"ಏನಪ್ಪಾ, ನಿಂಗೆ ವಾಸನೆ ಗೊತ್ತಾಗಾಕಿಲ್ಲ, ಅಲ್ವಾ?"

ಅವನು ರಸ್ತೆ ನೋಡುತ್ತಾ ಕೂತ. "ಜ್ವರ ಬಿಟ್ಟಾಗಿಂದ ಏನೂ ಗೊತ್ತಾಗಲ್ಲ. ಬಂದ್ರೂ ಬರಬೋದು, ಬರ್ದಿದ್ರೂ ಇಲ್ಲ ಅಂದ್ರು ಡಾಕ್ಟ್ರು. ಯಾರ್ಗೂ ಹೇಳಬ್ಯಾಡ್ರಿ. ಹಫೀಜಾಗೂ ಹೇಳಿಲ್ಲ."

ಹಫೀಜಾ ಅವನ ಹೆಂಡತಿ. ನಾನು ಯಾರಿಗೂ ಹೇಳಲಿಲ್ಲ.

ಮೆಕ್ಕೆಜೋಳ ಮುರಿಯುವ ಕಾಲ ಬಂತು. ಕೆರೆಬಿಳಚಿಯ ಮಹಾಂತೇಶ್ ತನ್ನ ಹಳೇ ಓಮ್ನಿ ತಂದು ನಿಲ್ಲಿಸಿದ. ಕಪ್ಪು ಹೊಗೆ, ನಿಂತಲ್ಲೇ ನಡುಕ, ಎಷ್ಟು ಪೆಟ್ರೋಲ್ ಹಾಕಿದರೂ ಸಾಲದು. ಖಲೀಲ್ ಹೊಗೆ ಮೂಸಲು ಹೋಗಲೇ ಇಲ್ಲ. ಕಿಡಿ ಹಚ್ಚುವ ಪ್ಲಗ್ ಬಿಚ್ಚಿದ; ಮಸಿ ಮೆತ್ತಿತ್ತು. ಗಾಳಿ ಸೋಸುವ ಫಿಲ್ಟರ್ ತೆಗೆದು ನೋಡಿದ; ಹೊಸದರ ಹಾಗೆ ಚೊಕ್ಕಟವಾಗಿತ್ತು. ಗಾಳಿಗೆ ತೊಂದರೆಯಿಲ್ಲ, ಕಿಡಿಯೇ ಸಾಲುತ್ತಿಲ್ಲ ಎಂದುಕೊಂಡು ಪ್ಲಗ್ಗು, ವೈರು ಹೊಸದು ಹಾಕಿ ಕಳಿಸಿದ.

ಸಂತೆಯ ದಿನ ಓಮ್ನಿ ವಾಪಸ್ ಬಂತು. ನಾಲ್ಕು ಜನ ತಳ್ಳಿಕೊಂಡು ಬಂದರು.

"ಏನ್ ಸಾಬ್ರೇ, ನಿಮ್ಮ ಕೈಗುಣ ಎಲ್ಲೋತು? ಮೊದ್ಲು ಹೊಗೆ ಬಿಡ್ತಿತ್ತು, ಈಗ ನನ್ನ ಮಾನ ಬಿಡ್ತೈತೆ!" ಮಹಾಂತೇಶ್ ತಮಾಷೆಗೇ ಅಂದಿದ್ದು. ತಳ್ಳಿದವರೆಲ್ಲ ನಕ್ಕರು. ಖಲೀಲ್ ನಗಲಿಲ್ಲ. ಗಾಡಿ ಬಿಟ್ಟು ಹೋಗು, ನಾಳೆ ನೋಡ್ತೀನಿ ಅಂದ.

ಸಂಜೆ ನನ್ನ ಬೆಂಚಿನ ಮೇಲೆ ಬಂದು ಕೂತ. "ಷೆಡ್ ಬಾಗ್ಲು ಹಾಕ್ತೀನಿ ಅಮ್ಮಾ. ಹೊನ್ನಾಳಿಯಾಗೆ ಹಫೀಜಾನ ತಮ್ಮಂದು ಚಪ್ಪಲಿ ಅಂಗಡಿ ಐತೆ. ಬಂದು ಕೂತ್ಕೋ ಅಂತಾನೆ. ಚಪ್ಪಲಿ ಮಾರಾಕೆ ಮೂಗು ಇಲ್ದಿದ್ರೇ ಒಳ್ಳೇದು."

ಮಾತು ನಗುವಂಥದ್ದೇ. ನಗು ಮಾತ್ರ ಇಬ್ಬರಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಹಾಂತೇಶ್ ಬರುವ ಹೊತ್ತಿಗೆ ಹಫೀಜಾ ಬುತ್ತಿ ಹಿಡಿದು ಬಂದಳು. ಬುತ್ತಿಯನ್ನು ನನ್ನ ಬೆಂಚಿನ ಮೇಲಿಟ್ಟು ಮೆಲ್ಲಗೆ ಕೇಳಿದಳು, "ಅಮ್ಮಾ, ನಮ್ಮೋರು ಮೂಗಿನ ವಿಷ್ಯ ನಿಮ್ಗಾದ್ರೂ ಹೇಳ್ಯಾರಾ?"

ನಾನು ಲೋಟ ತೊಳೆಯಲು ಬಗ್ಗಿದೆ.

"ನಂಗೆ ಗೊತ್ತೈತೆ ಬಿಡ್ರಿ. ಬಿರಿಯಾನಿ ಮುಚ್ಚಳ ತೆಗೆದ್ರೆ ಕರೆಯಾಕೆ ಮುಂಚೆ ಬಂದು ಕೂತ್ಕೊಳ್ಳೋರು. ಈ ಹಬ್ಬಕ್ಕೆ ಎರಡೆರಡು ಸಲ ಕೂಗ್ಬೇಕಾತು."

ಸೀದಾ ರಸ್ತೆ ದಾಟಿ ಓಮ್ನಿ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. "ರೀ, ಗಾಡಿ ಚಾಲೂ ಮಾಡ್ರಿ."

"ನೀ ಯಾಕೆ ಬಂದೆ ಇಲ್ಲಿಗೆ?"

"ಮೂಸಾಕೆ."

ಖಲೀಲನ ಕೈಯಲ್ಲಿದ್ದ ಪಾನ ಹಾಗೇ ನಿಂತಿತು.

"ಮದ್ವೆ ಆದಾಗಿಂದ ನಿಮ್ಮ ಅಂಗಿ ಒಗೀತಿದೀನಿ. ಡೀಸೆಲ್ ಯಾವ್ದು, ಗೇರ್ ಎಣ್ಣೆ ಯಾವ್ದು, ಪೆಟ್ರೋಲ್ ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಚಾಲೂ ಮಾಡ್ರಿ."

ರಾತ್ರಿಯೆಲ್ಲ ನಿಂತಿದ್ದ ಗಾಡಿ ನಾಲ್ಕು ಸಲ ಕೆಮ್ಮಿ ಚಾಲೂ ಆಯಿತು. ಅವಳು ಸೆರಗು ಸರಿಸಿ ಮೂಸಿದಳು. "ಯಾ ಅಲ್ಲಾ, ಕಣ್ಣುರಿ! ಬರೀ ಪೆಟ್ರೋಲ್. ಎಣ್ಣೆ ವಾಸನೆ ಇಲ್ಲ."

ಖಲೀಲ್ ಮುಂದಿನ ಸೀಟು ಎತ್ತಿ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದ. ಎಂಜಿನ್ನಿನ ನಡುಕ ನಿಂತು ಸದ್ದು ಒಂದೇ ಸಮನಾಯಿತು. ನನಗೆ ಅಂಗಡಿಯವರೆಗೂ ಕೇಳಿಸಿತು.

"ಈಗ?"

"ಕಮ್ಮಿ ಆತು."

ಮುಚ್ಚಳ ಹಾಕಿದ. "ಈಗ?"

"ಮತ್ತೆ ಬಂತು. ಹಾಕಬ್ಯಾಡ್ರಿ!"

ಅವನು ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡುತ್ತಾ ನಿಂತ. ನಮ್ಮ ಕಡೆ ಈ ಕಾಲದಲ್ಲಿ ರಸ್ತೆಯೆಲ್ಲ ಮೆಕ್ಕೆಜೋಳದ ಕಣ. ಹೊಟ್ಟು ಹಾರಿ ನನ್ನ ಟೀ ಪಾತ್ರೆಗೂ ಬೀಳುತ್ತದೆ. "ಅಲ್ಲಾ ಮಹಾಂತೇಶ, ದಿನಾ ಆ ಧೂಳಾಗೆ ಓಡಾಡೋ ಗಾಡಿ. ಫಿಲ್ಟರ್ ಇಷ್ಟು ಚೊಕ್ಕ ಹೆಂಗೈತೆ?"

ಕೇಳುತ್ತಲೇ ಆ ಡಬ್ಬಿಗೆ ಹೊರಗಿನ ಗಾಳಿ ಎಳೆಯುವ ಕೊಳವೆಗುಂಟ ಕೈಯಾಡಿಸುತ್ತಾ ಹೋಗಿ, ತುದಿಯಿಂದ ಏನೋ ಎಳೆದ. ದಾರದಿಂದ ಬಿಗಿದ ಬಟ್ಟೆ. ಧೂಳು ಕೂತು ಕೂತು ಒಣರೊಟ್ಟಿಯ ಹಾಗೆ ಗಟ್ಟಿಯಾಗಿತ್ತು.

"ಅಯ್ಯೋ, ಅದು ನಾನೇ ಕಟ್ಟಿದ್ದು!" ಅಂದ ಮಹಾಂತೇಶ್. "ಅಮ್ಮನ ಹಳೇ ಸೀರೆ. ನೀರಿನ ಕೊಡಕ್ಕೆ ಸೋಸಾಕೆ ಕಟ್ಟಲ್ವಾ, ಹಂಗೆ. ಒಳಕ್ಕೆ ಹೊಟ್ಟು ಹೋಗಬಾರ್ದು ಅಂತ ಮೂರು ಮಡಿಕೆ ಮಾಡಿ ಕಟ್ಟಿದ್ದೆ."

"ಮೂಗಿಗೇ ಬಟ್ಟೆ ಬಿಗಿದು ಓಡು ಅಂದ್ರೆ ಹೆಂಗ್ರೀ ಓಡ್ತೈತೆ?" ಅಂದಳು ಹಫೀಜಾ.

ಯೋಚಿಸಿದರೆ ಇದು ಕಣ್ಣಿಗೂ ಕಿವಿಗೂ ಸಿಗುವಂಥದ್ದೇ. ಆದರೆ ಮೂಗು ಹೋದಾಗಿನಿಂದ ಖಲೀಲನಿಗೆ ತನ್ನ ಕಣ್ಣು ಕಿವಿಯ ಮೇಲೂ ನಂಬಿಕೆ ಹೋಗಿತ್ತು. ಪಕ್ಕದಲ್ಲಿ ಅವಳೊಬ್ಬಳು ಬಂದು ಕೂತಳು, ಆ ನಂಬಿಕೆ ತಿರುಗಿ ಬಂತು.

ಖಲೀಲ್ ಕೈ ಒರೆಸಿಕೊಂಡ. "ಮಹಾಂತೇಶ, ನಂಗೆ ವಾಸನೆ ಹೋಗ್ಬಿಟ್ಟೈತೆ. ಹೋದ್ಸಲ ಹೊಗೆ ಮೂಸ್ಲೇ ಇಲ್ಲ. ಅದಕ್ಕೇ ದಾರಿ ತಪ್ಪಿದ್ದು."

ಮಹಾಂತೇಶ್ ಓಮ್ನಿ ಬಾಗಿಲಿಗೆ ಕೈ ಹಾಕಿದ. "ಅಷ್ಟೇನಾ? ಹಂಗಾದ್ರೆ ಇನ್ಮೇಲೆ ಅಕ್ಕಾರು ಇದ್ದಾಗ್ಲೇ ಗಾಡಿ ತರ್ತೀನಿ ಬಿಡ್ರಿ."

ಓಮ್ನಿ ಹೊಗೆಯಿಲ್ಲದೆ ಹೋಯಿತು. ಗಂಡ ಹೆಂಡತಿ ನನ್ನ ಬೆಂಚಿನ ಮೇಲೆ ಕೂತು ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದಾಗ ಖಲೀಲನಿಗೆ ಹೊನ್ನಾಳಿಯಿಂದ ಭಾಮೈದನ ಫೋನ್ ಬಂತು, ಯಾವತ್ತು ಬರ್ತೀರಿ ಅಂತ. ಹಫೀಜಾಳ ತುತ್ತು ಅರ್ಧಕ್ಕೇ ನಿಂತಿತು.

"ಬರಾಕಾಗಲ್ಲಪ್ಪಾ," ಅಂದ ಖಲೀಲ್. "ನಿಮ್ಮಕ್ಕಂಗೆ ಇಲ್ಲೇ ಕೆಲಸ ಸಿಕ್ಕೈತೆ."